ಯೂಟ್ ಟ್ರೇ: ಹೊರೆಯ ಲೆಕ್ಕ, ಧೂಳಿನ ದಾರಿ

ಮುಂದೆ ಕಾರಿನಂತಹ ಕ್ಯಾಬಿನ್, ಹಿಂದೆ ಸರಕು ಹೊರುವ ತೆರೆದ ಅಂಗಳ, ಇವೆರಡನ್ನೂ ಒಂದೇ ಚಾಸಿಯ ಮೇಲೆ ಹೊತ್ತ ವಾಹನವನ್ನು ಆಸ್ಟ್ರೇಲಿಯಾದಲ್ಲಿ ಯೂಟ್ ಎನ್ನುತ್ತಾರೆ; ಭಾರತದಲ್ಲಿ ಪಿಕಪ್ ಎಂದು ಪರಿಚಿತವಾಗಿರುವ ವರ್ಗಕ್ಕೇ ಅದು ಸೇರುತ್ತದೆ. ವಾರದ ದಿನಗಳಲ್ಲಿ ಬಡಗಿಯ, ಎಲೆಕ್ಟ್ರಿಷಿಯನ್‌ನ ಅಥವಾ ಕುರಿ ಸಾಕುವವರ ಸಲಕರಣೆಗಳನ್ನು ಹೊರುವ ಈ ಅಂಗಳವೇ ರಜೆ ಬಂದಾಗ ಅಡುಗೆಮನೆ, ಉಗ್ರಾಣ, ನೀರಿನ ತೊಟ್ಟಿ ಎಲ್ಲವೂ ಆಗಿ, ಊರಿಗೂ ಊರಿಗೂ ನಡುವೆ ನೂರಾರು ಕಿಲೋಮೀಟರ್ ಅಂತರವಿರುವ ಒಳನಾಡಿಗೆ ಕುಟುಂಬವನ್ನು ಕರೆದೊಯ್ಯುತ್ತದೆ. ಅದನ್ನು ಸಜ್ಜುಗೊಳಿಸುವುದೆಂದರೆ ಅಂಗಡಿಯಲ್ಲಿ ಸಿಗುವ ಸಾಮಾನುಗಳನ್ನು ಒಂದೊಂದಾಗಿ ಜೋಡಿಸುತ್ತ ಹೋಗುವುದು ಎಂಬ ತಿಳಿವಳಿಕೆ ಹೊಸಬರಲ್ಲಿ ಸಾಮಾನ್ಯವಾಗಿದೆ. ಆದರೆ ಆ ಕೆಲಸ ಮೊದಲಿಗೆ ತೂಕದ ಲೆಕ್ಕ, ಆಮೇಲೆ ಆ ತೂಕ ಎಲ್ಲಿ ಕೂರಬೇಕೆಂಬ ಲೆಕ್ಕ. ಏನನ್ನು ಮನೆಯಲ್ಲೇ ಬಿಡಬೇಕೆಂಬ ತೀರ್ಮಾನ ಆಗದ ಹೊರತು ಏನನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುವುದಿಲ್ಲ.

ಈ ಬಗೆಯ ವಾಹನ ಹುಟ್ಟಿದ್ದು ಬೇಸಾಯದವರ ಅಗತ್ಯದಿಂದ. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಮಾರುಕಟ್ಟೆಗೆ ಸಾಗಿಸಲೂ ಒದಗುವ ಒಂದೇ ಗಾಡಿ ಬೇಕೆಂದು ವಿಕ್ಟೋರಿಯಾ ರಾಜ್ಯದ ರೈತ ಮಹಿಳೆಯೊಬ್ಬರು ಫೋರ್ಡ್ ಸಂಸ್ಥೆಗೆ ಬರೆದರೆಂದು ಹೇಳಲಾಗುವ ಪತ್ರದ ಬೆನ್ನಲ್ಲೇ, ಆ ಸಂಸ್ಥೆಯ ಜೀಲಾಂಗ್ ಕಾರ್ಖಾನೆಯ ಯುವ ವಿನ್ಯಾಸಕಾರ ಲೂಯಿಸ್ ಬ್ಯಾಂಡ್ಟ್ ರೂಪಿಸಿದ ಕೂಪೆ ಯುಟಿಲಿಟಿ 1934ರಲ್ಲಿ ಹೊರಬಂತು. 1951ರಲ್ಲಿ ಹೋಲ್ಡನ್ ಕಂಪನಿಯೂ ತನ್ನದೇ ಯೂಟ್ ತಯಾರಿಸಿತು. ಕಾರಿನ ಒಡಲಿನಿಂದಲೇ ಮೂಡಿದ ಈ ಪರಂಪರೆ ದೇಶೀಯ ಕಾರು ತಯಾರಿಕೆಯೊಂದಿಗೆ 2016 ಮತ್ತು 2017ರಲ್ಲಿ ಕೊನೆಗೊಂಡಿತು. ಈಗ ಅಲ್ಲಿ ಓಡುವ ಯೂಟ್‌ಗಳಲ್ಲಿ ಹೆಚ್ಚಿನವು ಥಾಯ್ಲೆಂಡಿನಿಂದ ಬರುವ, ಏಣಿಯಾಕಾರದ ಉಕ್ಕಿನ ಚಾಸಿಯುಳ್ಳ ವಾಹನಗಳು. 2016ರಿಂದ 2022ರವರೆಗೆ ಪ್ರತಿ ವರ್ಷವೂ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ವಾಹನ ಟೊಯೊಟಾ ಹೈಲಕ್ಸ್ ಆಗಿತ್ತು, 2023ರಲ್ಲಿ ಆ ಸ್ಥಾನ ಫೋರ್ಡ್ ರೇಂಜರ್‌ಗೆ ಹೋಯಿತು. ಎಂದರೆ ಯೂಟ್ ಅಲ್ಲಿ ಕೆಲವರ ಹವ್ಯಾಸದ ವಾಹನವಲ್ಲ, ಜನಸಾಮಾನ್ಯರ ವಾಹನ.

ಹಿಂಬದಿಯ ಅಂಗಳ ಎರಡು ರೂಪಗಳಲ್ಲಿ ಸಿಗುತ್ತದೆ. ಕಾರ್ಖಾನೆಯಲ್ಲೇ ಒಡಲಿನ ಭಾಗವಾಗಿ ಒತ್ತಿ ತಯಾರಾದ, ಚಕ್ರದ ಗುಮ್ಮಟಗಳು ಒಳಕ್ಕೆ ಉಬ್ಬಿರುವ ತೊಟ್ಟಿಯನ್ನು ಟಬ್ ಎನ್ನುತ್ತಾರೆ. ಚಾಸಿಯ ಮೇಲೆ ಪ್ರತ್ಯೇಕವಾಗಿ ಬಿಗಿಯುವ, ಸಮತಟ್ಟಾದ ನೆಲವೂ ಕೆಳಕ್ಕೆ ಮಡಚುವ ಪಕ್ಕದ ಹಲಗೆಗಳೂ ಉಳ್ಳ ವೇದಿಕೆಯನ್ನು ಟ್ರೇ ಎನ್ನುತ್ತಾರೆ. ಟಬ್ ನೋಡಲು ಅಂದ, ಆದರೆ ಅದರ ಗುಮ್ಮಟಗಳ ನಡುವೆ ಪೆಟ್ಟಿಗೆ, ಫ್ರಿಜ್, ನೀರಿನ ಟ್ಯಾಂಕ್‌ಗಳನ್ನು ಅಚ್ಚುಕಟ್ಟಾಗಿ ಕೂರಿಸುವುದು ಕಷ್ಟ. ಟ್ರೇಯಲ್ಲಿ ವಾಹನದ ಪೂರ್ಣ ಅಗಲ ಬಳಕೆಗೆ ಸಿಗುತ್ತದೆ, ಮೂರು ಕಡೆಗಳಿಂದಲೂ ಕೈ ಹಾಕಿ ಸಾಮಾನು ತೆಗೆಯಬಹುದು, ಮೂಲೆ ಜಜ್ಜಿದರೆ ಆ ಒಂದು ಹಲಗೆಯನ್ನಷ್ಟೇ ಬದಲಿಸಬಹುದು. ಉಕ್ಕಿನ ಟ್ರೇ ಪೆಟ್ಟು ತಾಳುತ್ತದೆ, ಮುರಿದರೆ ಎಂತಹ ಹಳ್ಳಿಯ ಗ್ಯಾರೇಜಿನಲ್ಲೂ ಬೆಸುಗೆ ಹಾಕಿಸಬಹುದು. ಅಲ್ಯೂಮಿನಿಯಂ ಟ್ರೇ ಎಷ್ಟೋ ಹಗುರ, ಕೆಂಪು ತುಕ್ಕು ಹಿಡಿಯುವುದಿಲ್ಲ, ಆದರೆ ಸತತ ಕಂಪನದಿಂದ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಅದನ್ನು ಸರಿಪಡಿಸಲು ನುರಿತ ಕೈ ಬೇಕು. ಗಾರೆ ಕೆಲಸಕ್ಕೂ ಮರಳು ಹೊರಲೂ ಉಕ್ಕು ಸೂಕ್ತ. ದೂರದ ಪ್ರವಾಸವೇ ಮುಖ್ಯವಾದವರಿಗೆ ಅಲ್ಯೂಮಿನಿಯಂ ಉಳಿಸಿಕೊಡುವ ಪ್ರತಿ ಕಿಲೋ ತೂಕವೂ ಒಂದು ಲೀಟರ್ ನೀರಿಗೆ ಸಮ.

ತೂಕದ ಮಾತಿಗೆ ಬಂದರೆ, ಮೂರು ಸಂಖ್ಯೆಗಳು ಎಲ್ಲದಕ್ಕೂ ಆಧಾರ. ಪೂರ್ತಿ ಇಂಧನ ತುಂಬಿ, ಜನ ಮತ್ತು ಸಾಮಾನು ಇಲ್ಲದೆ ನಿಂತ ವಾಹನದ ತೂಕ ಕರ್ಬ್ ತೂಕ. ಜನ, ಸಾಮಾನು ಎಲ್ಲ ಸೇರಿ ವಾಹನ ತೂಗಬಹುದಾದ ಗರಿಷ್ಠ ಮಿತಿ ಒಟ್ಟು ವಾಹನ ತೂಕ, ಅಂದರೆ ಜಿವಿಎಂ. ಇವೆರಡರ ನಡುವಿನ ಅಂತರವೇ ಪೇಲೋಡ್, ಅಂದರೆ ಹೊರಬಹುದಾದ ಹೊರೆ. ಕ್ಯಾಬಿನ್ ಮತ್ತು ಬರಿಯ ಚಾಸಿ ಮಾತ್ರ ಇರುವ ಮಾದರಿಯನ್ನು ಕೊಳ್ಳುವವರು ಇಲ್ಲಿ ಎಡವುವುದುಂಟು, ಏಕೆಂದರೆ ಜಾಹೀರಾತಿನ ಆಕರ್ಷಕ ಪೇಲೋಡ್‌ನಲ್ಲಿ ಟ್ರೇಯ ತೂಕವನ್ನೇ ಕಳೆದಿರುವುದಿಲ್ಲ. ನಾಲ್ಕು ಬಾಗಿಲಿನ ಅಂತಹ ವಾಹನವೊಂದರ ಪೇಲೋಡ್ 1,100 ಕಿಲೋ ಎಂದು ಭಾವಿಸಿದರೆ, ನಾಲ್ವರು ವಯಸ್ಕರಿಗೆ 320 ಕಿಲೋ, ಉಕ್ಕಿನ ಮುಂಗಾವಲು ಮತ್ತು ವಿಂಚ್‌ಗೆ 100, ಅಲ್ಯೂಮಿನಿಯಂ ಟ್ರೇಗೆ 120, ಅದರ ಮೇಲೆ ಕೂರುವ ಮುಚ್ಚಿದ ಪೆಟ್ಟಿಗೆಯಾದ ಕ್ಯಾನಪಿಗೆ 150, ಫ್ರಿಜ್ ಮತ್ತು ಅದರ ಜಾರುಹಳಿಗೆ 60, ಬ್ಯಾಟರಿಗೆ 30, ನೀರಿಗೆ 80, ಹೆಚ್ಚುವರಿ ಡೀಸೆಲ್‌ಗೆ 50, ಎರಡನೆಯ ಸ್ಟೆಪ್ನಿಗೆ 35, ಡೇರೆ ಮತ್ತು ಹಾಸಿಗೆಗೆ 100 ಎಂದು ಹಿಡಿದರೂ ಮೊತ್ತ 1,045 ಕಿಲೋ ಆಗುತ್ತದೆ. ಉಳಿದ 55 ಕಿಲೋದಲ್ಲಿ ಊಟ, ಬಟ್ಟೆ, ಸ್ಪ್ಯಾನರ್, ಬಿಡಿಭಾಗ ಎಲ್ಲವೂ ಅಡಗಬೇಕು. ಎರಡು ಟನ್ನಿನ ಟ್ರೇಲರ್ ಎಳೆಯುವುದಾದರೆ ಅದರ ತೂಕದಲ್ಲಿ ಸಾಮಾನ್ಯವಾಗಿ ಶೇಕಡ 10ರಷ್ಟು, ಅಂದರೆ 200 ಕಿಲೋ, ಕೊಂಡಿಯ ಮೇಲೆ ಬಿದ್ದು ಅದೂ ಇದೇ ಲೆಕ್ಕಕ್ಕೆ ಸೇರುವುದರಿಂದ ಮಿತಿ ಆಗಲೇ ಮೀರಿರುತ್ತದೆ.

ಒಟ್ಟು ತೂಕ ಮಿತಿಯೊಳಗಿದ್ದರೂ ಅದು ಕೂರುವ ಜಾಗ ತಪ್ಪಿದರೆ ಫಲವಿಲ್ಲ. ನಾಲ್ಕು ಬಾಗಿಲಿನ ಯೂಟ್‌ನಲ್ಲಿ ಕ್ಯಾಬಿನ್ ಉದ್ದವಾಗಿರುವುದರಿಂದ ಟ್ರೇಯ ಹೆಚ್ಚಿನ ಭಾಗ ಹಿಂದಿನ ಆಕ್ಸೆಲ್‌ಗಿಂತ ಹಿಂದಕ್ಕೆ ಚಾಚಿರುತ್ತದೆ, ಮತ್ತು ಅಲ್ಲಿ ಇಟ್ಟ ತೂಕ ಸನ್ನೆಯ ನಿಯಮದಂತೆ ವರ್ತಿಸುತ್ತದೆ. ಹೈಲಕ್ಸ್‌ನ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವಿನ ಅಂತರ 3,085 ಮಿಲಿಮೀಟರ್. ಹಿಂದಿನ ಆಕ್ಸೆಲ್‌ನಿಂದ ಒಂದು ಮೀಟರ್ ಹಿಂದೆ 100 ಕಿಲೋ ಇಟ್ಟರೆ ಆ ಆಕ್ಸೆಲ್‌ನ ಮೇಲೆ ಬೀಳುವ ಹೊರೆ 100 ಅಲ್ಲ, ಸುಮಾರು 132 ಕಿಲೋ. ಆ ಹೆಚ್ಚುವರಿ 32 ಕಿಲೋ ಮುಂದಿನ ಚಕ್ರಗಳಿಂದ ಎತ್ತಿಕೊಂಡದ್ದು. ಕೊಂಡಿ ಆಕ್ಸೆಲ್‌ನಿಂದ 1.2 ಮೀಟರ್ ಹಿಂದಿದ್ದು ಅದರ ಮೇಲೆ 350 ಕಿಲೋ ಬಿದ್ದರೆ ಮುಂದಿನ ಚಕ್ರಗಳು 136 ಕಿಲೋದಷ್ಟು ಹಗುರವಾಗುತ್ತವೆ. ಸ್ಟಿಯರಿಂಗ್ ಮತ್ತು ಬ್ರೇಕ್ ಎರಡೂ ಮುಂದಿನ ಚಕ್ರಗಳ ಹಿಡಿತವನ್ನು ಬಹುವಾಗಿ ನೆಚ್ಚಿರುವುದರಿಂದ, ಜಲ್ಲಿ ದಾರಿಯ ತಿರುವಿನಲ್ಲಿ ಗಾಡಿ ನೇರಕ್ಕೆ ಜಾರುವ ಅಪಾಯ ಇಂತಹ ಹೊರೆಯಿಂದಲೇ ಹೆಚ್ಚುತ್ತದೆ. ಆದ್ದರಿಂದ ನೀರಿನ ಟ್ಯಾಂಕ್, ಬ್ಯಾಟರಿ, ಉಪಕರಣಗಳ ಪೆಟ್ಟಿಗೆಯಂತಹ ಭಾರದ ವಸ್ತುಗಳು ಕ್ಯಾಬಿನ್ನಿಗೆ ತಾಗಿದ ಮುಂಗೋಡೆಯ ಬಳಿ, ನೆಲಕ್ಕೆ ಹತ್ತಿರವಾಗಿ ಇರಬೇಕು. ಹಾಸಿಗೆ, ಬಟ್ಟೆ, ಮಡಚುಕುರ್ಚಿಗಳಂತಹ ಹಗುರ ವಸ್ತುಗಳು ಹಿಂದಕ್ಕೂ ಮೇಲಕ್ಕೂ ಹೋಗಬಹುದು. ಎರಡು ಸ್ಟೆಪ್ನಿಗಳನ್ನು ಹಿಂಬಾಗಿಲಿಗೆ ನೇತುಹಾಕುವ ರೂಢಿ ಚಿತ್ರಗಳಲ್ಲಿ ಚೆಂದ ಕಾಣುತ್ತದೆ, ಚಾಸಿಯ ಪಾಲಿಗೆ ಮಾತ್ರ ಅದಕ್ಕಿಂತ ಕೆಟ್ಟ ಜಾಗ ಬೇರೊಂದಿಲ್ಲ.

ಕ್ಯಾಬಿನ್ ಮತ್ತು ಟ್ರೇಯ ನಡುವೆ ಚಾಸಿ ಬಾಗಿ, ಗಾಡಿ ಬೆನ್ನುಮೂಳೆ ಮುರಿದಂತೆ ಕುಸಿದು ನಿಂತ ಪ್ರಕರಣಗಳು ಆಸ್ಟ್ರೇಲಿಯಾದ ಒಳನಾಡಿನಲ್ಲಿ ಅಪರೂಪವಲ್ಲ, ಮತ್ತು ಅವುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ ಕಾರಣ. ಕುಗ್ಗಿದ ಹಿಂಭಾಗವನ್ನು ಎತ್ತಲೆಂದು ಆಕ್ಸೆಲ್ ಮತ್ತು ಚಾಸಿಯ ನಡುವೆ ಗಾಳಿಚೀಲಗಳನ್ನು ಅಳವಡಿಸುವ ಪರಿಹಾರ ಕೆಲವೊಮ್ಮೆ ಸಮಸ್ಯೆಯನ್ನು ಉಲ್ಬಣಿಸುತ್ತದೆ: ಲಾರಿಗಳಲ್ಲಿ ಕಾಣುವಂತಹ ಉಕ್ಕಿನ ಪಟ್ಟಿಗಳ ಕಟ್ಟು, ಅಂದರೆ ಲೀಫ್ ಸ್ಪ್ರಿಂಗ್, ಹೊರೆಯನ್ನು ತನ್ನ ಎರಡು ತುದಿಗಳ ಮೂಲಕ ಚಾಸಿಗೆ ಹಂಚಿದರೆ, ಗಾಳಿಚೀಲ ಅದನ್ನು ನಡುವಿನ ಒಂದೇ ಬಿಂದುವಿಗೆ ಒತ್ತುತ್ತದೆ. ಗಾಡಿಯ ನಿಲುವು ಸಮವಾಗಿ ಕಾಣುವುದರಿಂದ ಮಾಲೀಕ ನಿಶ್ಚಿಂತನಾಗುತ್ತಾನೆ, ಹೊರೆ ಮಾತ್ರ ಒಂದು ಕಿಲೋವೂ ಕಡಿಮೆಯಾಗಿರುವುದಿಲ್ಲ. ಎಲ್ಲವನ್ನೂ ತುಂಬಿ, ಜನರನ್ನೂ ಕೂರಿಸಿಕೊಂಡು, ಹೊರಡುವ ಮುನ್ನ ವೇ ಬ್ರಿಡ್ಜ್‌ಗೆ ಹೋಗಿ ಮುಂದಿನ ಆಕ್ಸೆಲ್, ಹಿಂದಿನ ಆಕ್ಸೆಲ್ ಮತ್ತು ಒಟ್ಟು ತೂಕವನ್ನು ಬೇರೆ ಬೇರೆಯಾಗಿ ತೂಗಿಸುವುದೊಂದೇ ಈ ವಿಷಯದಲ್ಲಿ ನಂಬಬಹುದಾದ ದಾರಿ.

ಕಾನೂನು ಕೂಡ ಈ ಲೆಕ್ಕವನ್ನೇ ಅನುಸರಿಸುತ್ತದೆ. ಆಸ್ಟ್ರೇಲಿಯಾದ ವಿನ್ಯಾಸ ನಿಯಮಗಳ ಪ್ರಕಾರ ಹಿಂದಿನ ಆಕ್ಸೆಲ್‌ನಿಂದ ಹಿಂದಕ್ಕೆ ಚಾಚುವ ಭಾಗ ಆಕ್ಸೆಲ್‌ಗಳ ನಡುವಿನ ಅಂತರದ ಶೇಕಡ 60ನ್ನು ಮೀರುವಂತಿಲ್ಲ; ಹೈಲಕ್ಸ್‌ಗೆ ಇದು ಸುಮಾರು 1,850 ಮಿಲಿಮೀಟರ್ ಆಗುತ್ತದೆ. ಸಸ್ಪೆನ್ಷನ್ ಬದಲಿಸಿ ಒಟ್ಟು ತೂಕದ ಮಿತಿಯನ್ನೇ ಹೆಚ್ಚಿಸಲು ಅಲ್ಲಿ ಅಧಿಕೃತ ವ್ಯವಸ್ಥೆ ಇದ್ದು, ಹಾಗೆ ಮಾರ್ಪಡಿಸಿದ ವಾಹನಕ್ಕೆ ಪ್ರಮಾಣಪತ್ರ ಬೇಕು, ಇಲ್ಲವಾದರೆ ವಿಮೆಯೂ ಅಪಾಯಕ್ಕೆ ಸಿಲುಕುತ್ತದೆ. ಭಾರತದಲ್ಲಿ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. ಬಿಡದಿಯಲ್ಲಿ ಕಾರ್ಖಾನೆ ಹೊಂದಿರುವ ಟೊಯೊಟಾ ಕಿರ್ಲೋಸ್ಕರ್ 2022ರಲ್ಲಿ ಇದೇ ಹೈಲಕ್ಸ್ ಅನ್ನು ಇಲ್ಲಿನ ಮಾರುಕಟ್ಟೆಗೆ ತಂದ ಬಳಿಕ ಅದನ್ನು ಪ್ರವಾಸಕ್ಕೆ ಸಜ್ಜುಗೊಳಿಸುವ ಉತ್ಸಾಹಿಗಳು ಕರ್ನಾಟಕದಲ್ಲೂ ಕಾಣಸಿಗುತ್ತಾರೆ, ಆದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಟಬ್ ಕಳಚಿ ಟ್ರೇ ಕೂರಿಸುವ ಆಸ್ಟ್ರೇಲಿಯಾದ ಪದ್ಧತಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ಹೊರೆಯನ್ನು ಮುಂದಕ್ಕೆ ಮತ್ತು ಕೆಳಕ್ಕೆ ಇಡುವ, ಬಿಗಿಯಾಗಿ ಕಟ್ಟುವ ತತ್ತ್ವಕ್ಕೆ ಮಾತ್ರ ದೇಶದ ಗಡಿ ಇಲ್ಲ.

ಟ್ರೇಯನ್ನು ಚಾಸಿಗೆ ಬಿಗಿಯುವ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ಏಣಿಯಾಕಾರದ ಚಾಸಿ ತಿರುಚಿಕೊಳ್ಳಲೆಂದೇ ರೂಪುಗೊಂಡದ್ದು. ತೊರೆಯ ದಂಡೆಯನ್ನು ಓರೆಯಾಗಿ ಏರುವಾಗ ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಏಕಕಾಲಕ್ಕೆ ಮೇಲೆದ್ದರೆ, ಕ್ಯಾಬಿನ್ ಒಂದು ಕಡೆಗೂ ಟ್ರೇ ಇನ್ನೊಂದು ಕಡೆಗೂ ವಾಲುವುದು ಬರಿಗಣ್ಣಿಗೇ ಕಾಣುತ್ತದೆ. ಟ್ರೇ ಮತ್ತು ಕ್ಯಾನಪಿ ಸೇರಿ ಒಂದು ಗಡುಸು ಪೆಟ್ಟಿಗೆಯಾದಾಗ ಅದು ಈ ತಿರುಚುವಿಕೆಯನ್ನು ತಡೆಯಲು ಹೋಗಿ ತಾನೇ ಸೀಳುತ್ತದೆ, ಬಾಗಿಲುಗಳು ಚೌಕಟ್ಟಿಗೆ ಹೊಂದದೆ ಹೋಗುತ್ತವೆ. ಹಿಂಭಾಗದಲ್ಲಿ ಗಟ್ಟಿಯಾಗಿ ಬಿಗಿದು, ಮುಂಭಾಗದ ಬೋಲ್ಟ್‌ಗಳಿಗೆ ರಬ್ಬರ್ ಅಥವಾ ಸ್ಪ್ರಿಂಗ್ ಕೊಟ್ಟು ಒಂದಿಷ್ಟು ಉಸಿರಾಡಲು ಬಿಡುವ ಜೋಡಣೆ ಇದಕ್ಕೆ ಮದ್ದು. ಕ್ಯಾಬಿನ್ನಿಗೂ ಟ್ರೇಯ ಮುಂಗೋಡೆಗೂ ನಡುವೆ ಕೆಲವು ಸೆಂಟಿಮೀಟರ್ ಅಂತರ ಇರಲೇಬೇಕು. ಚಾಸಿಯ ಮೇಲಂಚು ಮತ್ತು ಕೆಳಂಚುಗಳು ಗರಿಷ್ಠ ಒತ್ತಡ ಹೊರುವ ಭಾಗಗಳಾದ್ದರಿಂದ ಅಲ್ಲಿ ಹೊಸ ತೂತು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಸಲ್ಲದು. ತಯಾರಕರು ಬಿಟ್ಟಿರುವ ರಂಧ್ರಗಳನ್ನೇ ಬಳಸಬೇಕು.

ಟ್ರೇಯ ಮೇಲಿನ ವಸ್ತುಗಳನ್ನು ಕಟ್ಟುವುದಕ್ಕೂ ಅಲ್ಲಿ ಲಿಖಿತ ಮಾನದಂಡವಿದೆ. ರಾಷ್ಟ್ರೀಯ ಸಾರಿಗೆ ಆಯೋಗದ ಹೊರೆ ಬಂಧನದ ಮಾರ್ಗದರ್ಶಿಯ ಪ್ರಕಾರ ಕಟ್ಟು ಮುಂದಕ್ಕೆ ವಸ್ತುವಿನ ತೂಕದ ಶೇಕಡ 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇಕಡ 50ರಷ್ಟು, ಮೇಲಕ್ಕೆ ಶೇಕಡ 20ರಷ್ಟು ಬಲವನ್ನು ತಡೆಯಬೇಕು. ಇದು ಜೋರು ಬ್ರೇಕ್, ತಿರುವು, ಉಬ್ಬುಗಳ ಲೆಕ್ಕ ಮಾತ್ರ. ಡಿಕ್ಕಿಯಾದರೆ ಬಲಗಳು ಇದಕ್ಕಿಂತ ಬಹಳ ಹೆಚ್ಚು. ಕೊಕ್ಕೆಯ ಸ್ಥಾನವೂ ಮುಖ್ಯ, ಏಕೆಂದರೆ ವಸ್ತುವನ್ನು ನೆಲಕ್ಕೆ ಒತ್ತುವ ಪಟ್ಟಿ ನೆಟ್ಟಗೆ ಇಳಿದಾಗ ಪೂರ್ಣ ಬಲ ಸಿಗುತ್ತದೆ, ನೆಲಕ್ಕೆ 30 ಡಿಗ್ರಿಯಷ್ಟು ಮಲಗಿದರೆ ಅರ್ಧ ಮಾತ್ರ. ಕೆಳಗೆ ರಬ್ಬರ್ ಚಾಪೆ ಹಾಸಿದರೆ ಜಾರುವಿಕೆ ಗಣನೀಯವಾಗಿ ತಗ್ಗುತ್ತದೆ. ಆದರೆ ಅದೇ ಚಾಪೆ ಉಕ್ಕಿನ ನೆಲದ ಮೇಲೆ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದ, ನೀರು ಹರಿದುಹೋಗಲು ರಂಧ್ರಗಳಿರಬೇಕು ಮತ್ತು ಆಗಾಗ ಎತ್ತಿ ಒಣಗಿಸಬೇಕು.

ಒಳನಾಡಿನ ಧೂಳು ಪ್ರತ್ಯೇಕ ಅಧ್ಯಾಯವನ್ನೇ ಬೇಡುತ್ತದೆ. ಮರೀ ಊರಿನಿಂದ ಬರ್ಡ್ಸ್‌ವಿಲ್‌ವರೆಗೆ 517 ಕಿಲೋಮೀಟರ್ ಸಾಗುವ ಬರ್ಡ್ಸ್‌ವಿಲ್ ಟ್ರ್ಯಾಕ್, ಕಿಂಬರ್ಲಿ ಪ್ರದೇಶವನ್ನು ಸುಮಾರು 660 ಕಿಲೋಮೀಟರ್ ಉದ್ದಕ್ಕೆ ಸೀಳುವ ಗಿಬ್ ರಿವರ್ ರಸ್ತೆ ಮುಂತಾದವುಗಳಲ್ಲಿ ಬುಲ್‌ಡಸ್ಟ್ ಎಂಬ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ಧೂಳು ಗುಂಡಿಗಳಲ್ಲಿ ತುಂಬಿ ನಿಂತಿರುತ್ತದೆ. ಓಡುವ ವಾಹನದ ಹಿಂದೆ ಗಾಳಿಯ ಒತ್ತಡ ತಗ್ಗುವುದರಿಂದ ಎದ್ದ ಧೂಳು ಹಿಂಬಾಗಿಲಿಗೆ ಅಂಟಿಕೊಂಡೇ ಸುತ್ತುತ್ತದೆ, ಒಂದು ಮಿಲಿಮೀಟರ್ ಸಂದು ಸಿಕ್ಕರೂ ಒಳಗೆ ಹರಿಯುತ್ತದೆ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ ಎಲ್ಲ ಕಡೆಯೂ ಸಮವಾಗಿ ಒತ್ತಿದೆಯೇ ಎಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ: ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಉಜ್ಜಿ, ಬಾಗಿಲು ಮುಚ್ಚಿ ತೆರೆದರೆ, ರಬ್ಬರಿನ ಮೇಲೆ ಮೂಡಿದ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲೇ ಧೂಳಿನ ದಾರಿ. ಸಾಮಾನ್ಯವಾಗಿ ಅದು ಕೆಳಮೂಲೆಗಳಲ್ಲಿ, ಅಥವಾ ಬೀಗದಿಂದ ದೂರವಿರುವ ಅಂಚಿನಲ್ಲಿ ಸಿಗುತ್ತದೆ. ಎಷ್ಟೇ ಬಿಗಿಯಾದ ಪೆಟ್ಟಿಗೆಯೂ ಸ್ವಲ್ಪ ಸೋರುತ್ತದೆಂದು ಒಪ್ಪಿಕೊಂಡು, ಮುಂಭಾಗದ ಎತ್ತರದಲ್ಲಿ ಸೋಸಕವುಳ್ಳ ಗಾಳಿಕಿಂಡಿ ಇಟ್ಟರೆ, ಓಡುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿ ಧೂಳು ಒಳಬರುವ ಬದಲು ಗಾಳಿ ಹೊರಹೋಗುತ್ತದೆ.

ವಿದ್ಯುತ್ ವ್ಯವಸ್ಥೆಯಲ್ಲಿ ಎಲ್ಲ ಲೆಕ್ಕಗಳೂ ಫ್ರಿಜ್‌ನಿಂದ ಆರಂಭವಾಗುತ್ತವೆ. 12 ವೋಲ್ಟ್‌ನ ಮಧ್ಯಮ ಗಾತ್ರದ ಫ್ರಿಜ್ ಬಿಸಿಲುಗಾಲದಲ್ಲಿ ದಿನಕ್ಕೆ ಹೆಚ್ಚುಕಡಿಮೆ 40ರಿಂದ 50 ಆಂಪಿಯರ್ ಅವರ್ ಬಳಸುತ್ತದೆ. ಒಂದು ಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ಅದು ಒಂದು ಆಂಪಿಯರ್ ಅವರ್. ನೂರು ಆಂಪಿಯರ್ ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ ಅದು ಒಂದು ದಿನಕ್ಕೆ ಸಾಲುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 30 ಕಿಲೋದ ಬದಲು 12 ಕಿಲೋ ತೂಗಿ, ತನ್ನ ಶಕ್ತಿಯ ಬಹುಭಾಗವನ್ನು ಬಳಕೆಗೆ ಕೊಡುತ್ತದೆ, ಆದರೆ ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ. ಮರುಭೂಮಿಯ ಚಳಿಗಾಲದ ಬೆಳಗುಗಳಲ್ಲಿ ಇದು ನೆನಪಿಡಬೇಕಾದ ಮಾತು. ಆಧುನಿಕ ಎಂಜಿನ್‌ಗಳ ಆಲ್ಟರ್ನೇಟರ್ ಇಂಧನ ಉಳಿಸಲೆಂದು ವೋಲ್ಟೇಜ್ ತಗ್ಗಿಸಿಕೊಳ್ಳುವುದರಿಂದ, ಅದನ್ನು ಮತ್ತೆ ಏರಿಸಿ ಎರಡನೆಯ ಬ್ಯಾಟರಿಗೆ ಉಣಿಸುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ.

ಇಲ್ಲಿ ಮೋಸ ಹೋಗುವುದು ಹೆಚ್ಚಾಗಿ ಕೇಬಲ್‌ನ ವಿಷಯದಲ್ಲಿ. ಆಸ್ಟ್ರೇಲಿಯಾದ ವಾಹನ ಬಿಡಿಭಾಗಗಳ ಅಂಗಡಿಯಲ್ಲಿ 6 ಮಿಲಿಮೀಟರ್ ಎಂದು ಮಾರುವ ಕೇಬಲ್‌ನ ಆ ಅಳತೆ ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ಸೇರಿದ ಹೊರವ್ಯಾಸದ್ದು. ಒಳಗಿನ ತಾಮ್ರದ ಅಡ್ಡಕೊಯ್ತ ಸುಮಾರು 4.6 ಚದರ ಮಿಲಿಮೀಟರ್ ಮಾತ್ರ. ಎಂಜಿನ್ ಕೋಣೆಯಿಂದ ಟ್ರೇಗೆ ಐದು ಮೀಟರ್, ಮರಳಿ ಬರಲು ಐದು ಮೀಟರ್ ಎಂದು ಹಿಡಿದು ಅದರಲ್ಲಿ 25 ಆಂಪಿಯರ್ ಹರಿಸಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ನಷ್ಟವಾಗುತ್ತದೆ, ಕೇಬಲ್ ಬಿಸಿಯಾಗುತ್ತದೆ. ಅದರ ಬದಲು 6 ಬಿ ಆಂಡ್ ಎಸ್ ಎಂಬ ಹೆಸರಿನ, 13.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಎಳೆದರೆ ನಷ್ಟ 0.3 ವೋಲ್ಟ್‌ಗೆ ಇಳಿಯುತ್ತದೆ. ಎರಡರ ಹೆಸರಿನಲ್ಲೂ ಆರು ಎಂಬ ಅಂಕಿಯೇ ಇರುವುದರಿಂದ ಗೊಂದಲ ಸಹಜ, ಹಾಗಾಗಿ ಕೊಳ್ಳುವಾಗ ಚದರ ಮಿಲಿಮೀಟರ್ ಲೆಕ್ಕವನ್ನೇ ಕೇಳಬೇಕು. ಬ್ಯಾಟರಿಯ ತೀರ ಹತ್ತಿರದಲ್ಲಿ ಫ್ಯೂಸ್ ಇರಬೇಕು, ಏಕೆಂದರೆ ಫ್ಯೂಸ್ ರಕ್ಷಿಸುವುದು ಉಪಕರಣಕ್ಕಿಂತ ಮೊದಲು ಕೇಬಲನ್ನು. ಚಾಸಿಯ ಚೂಪಂಚಿಗೆ ಉಜ್ಜಿ ಹೊದಿಕೆ ಹರಿದ ಕೇಬಲ್ ಇಡೀ ವಾಹನವನ್ನೇ ಸುಟ್ಟುಹಾಕಬಲ್ಲದು.

ನೀರು, ಗ್ಯಾಸ್ ಮತ್ತು ಇಂಧನದ ಬಗ್ಗೆ ಹೇಳಬೇಕಾದದ್ದು ಕಡಿಮೆ, ಆದರೆ ತಪ್ಪಿದರೆ ದಂಡ ದೊಡ್ಡದು. ನೀರನ್ನು ಒಂದೇ ಟ್ಯಾಂಕಿನಲ್ಲಿ ಇಡದೆ ಎರಡಾಗಿ ವಿಂಗಡಿಸಿದರೆ ಒಂದು ಒಡೆದರೂ ಜೀವಕ್ಕೆ ಆಧಾರ ಉಳಿಯುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರವಾಗಿ ತಳದಲ್ಲಿ ನಿಲ್ಲುವುದರಿಂದ ಸಿಲಿಂಡರ್ ಇಡುವ ಗೂಡಿನ ಕೆಳಭಾಗದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು, ಕಿಡಿ ಹಾರಬಲ್ಲ ಬ್ಯಾಟರಿ ಮತ್ತು ಸ್ವಿಚ್ಚುಗಳು ಆ ಗೂಡಿನಲ್ಲಿ ಇರಕೂಡದು. ಪೆಟ್ರೋಲ್ ಕ್ಯಾನನ್ನು ಮುಚ್ಚಿದ ಕ್ಯಾನಪಿಯೊಳಗೆ ಇಡಲೇಬಾರದು. ಒಂದರ ಪಕ್ಕ ಒಂದರಂತೆ 1,100ಕ್ಕೂ ಹೆಚ್ಚು ಮರಳುದಿಬ್ಬಗಳಿರುವ ಸಿಂಪ್ಸನ್ ಮರುಭೂಮಿಯಲ್ಲಿ ಮೌಂಟ್ ಡೇರ್ ಬಿಟ್ಟರೆ ಬರ್ಡ್ಸ್‌ವಿಲ್‌ವರೆಗೆ ಇಂಧನ ಸಿಗುವುದಿಲ್ಲವಾದ್ದರಿಂದ ಹೆಚ್ಚುವರಿ ಡೀಸೆಲ್‌ನ ತೂಕವನ್ನು ಯೋಜನೆಯ ಆರಂಭದಲ್ಲೇ ಸೇರಿಸಬೇಕು.

ನಿರ್ವಹಣೆಯ ಮೊದಲ ಶತ್ರು ಕಂಪನ. ಮಣ್ಣಿನ ರಸ್ತೆಗಳಲ್ಲಿ ಚಕ್ರಗಳ ಓಡಾಟದಿಂದಲೇ ಮೂಡುವ ಸಾಲುಸಾಲು ಅಡ್ಡ ಅಲೆಗಳನ್ನು ಕೊರಗೇಷನ್ ಎನ್ನುತ್ತಾರೆ. ಅವುಗಳ ಮೇಲೆ ಗಂಟೆಗಟ್ಟಲೆ ಓಡಿದಾಗ ಬೋಲ್ಟ್‌ಗಳು ತಾವಾಗಿಯೇ ಸಡಿಲಗೊಳ್ಳುತ್ತವೆ. ಹೊಸ ಟ್ರೇಯ ಬೋಲ್ಟ್‌ಗಳನ್ನು ಮೊದಲ ಕೆಲವು ನೂರು ಕಿಲೋಮೀಟರ್‌ಗಳ ನಂತರ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಬೇಕು, ಅಂದರೆ ಬಿಗಿತವನ್ನು ಅಳೆದು ತೋರಿಸುವ ಸ್ಪ್ಯಾನರಿನಿಂದ. ಅನುಭವಿಗಳು ಬಿಗಿದ ಪ್ರತಿ ನಟ್ಟಿನಿಂದ ಅದರ ತಳದ ಲೋಹದವರೆಗೆ ಪೇಂಟ್ ಪೆನ್ನಿನಿಂದ ಒಂದು ನೇರ ಗೆರೆ ಎಳೆದಿರುತ್ತಾರೆ. ಸಂಜೆ ಗಾಡಿ ನಿಂತಾಗ ಟಾರ್ಚ್ ಹಿಡಿದು ಒಂದು ಸುತ್ತು ನೋಡಿದರೆ ಯಾವ ಗೆರೆ ಮುರಿದಿದೆಯೋ ಆ ನಟ್ಟು ತಿರುಗಿದೆಯೆಂದು ಕೂಡಲೇ ಗೊತ್ತಾಗುತ್ತದೆ. ಐದು ನಿಮಿಷದ ಈ ಕೆಲಸಕ್ಕೆ ಸಮನಾದ ವಿಮೆ ಇಲ್ಲ. ಅದನ್ನು ಮಾಡಬೇಕಾದರೆ ಬೋಲ್ಟ್‌ಗಳು ಕಣ್ಣಿಗೆ ಬೀಳುವಂತಿರಬೇಕು, ಆದ್ದರಿಂದ ನೀರಿನ ಟ್ಯಾಂಕನ್ನೋ ಡ್ರಾಯರನ್ನೋ ಬಿಚ್ಚದೆ ತಲುಪಲಾಗದ ಬೋಲ್ಟ್ ವಿನ್ಯಾಸದ ದೋಷವೆಂದೇ ತಿಳಿಯಬೇಕು. ಕಂಪನವನ್ನು ಮೂಲದಲ್ಲೇ ತಗ್ಗಿಸುವ ಉಪಾಯವೂ ಇದೆ: ಡಾಂಬರು ರಸ್ತೆಯಲ್ಲಿ 38 ಪಿಎಸ್‌ಐ ಇರುವ ಟೈರಿನ ಒತ್ತಡವನ್ನು ಅಲೆಗಟ್ಟಿದ ಮಣ್ಣಿನಲ್ಲಿ 28ರ ಸುಮಾರಿಗೆ ಇಳಿಸಿ ವೇಗವನ್ನೂ ತಗ್ಗಿಸಿದರೆ ಟೈರೇ ಅರ್ಧ ಪೆಟ್ಟನ್ನು ನುಂಗುತ್ತದೆ.

ಎರಡನೆಯ ಶತ್ರು ಉಪ್ಪು. ಕ್ವೀನ್ಸ್‌ಲ್ಯಾಂಡಿನ ಕಗಾರಿ ದ್ವೀಪದಂತಹ ಕಡೆ ಸಮುದ್ರತೀರದ ಮರಳೇ ಹೆದ್ದಾರಿ; 2023ರವರೆಗೆ ಅದರ ಅಧಿಕೃತ ಹೆಸರು ಫ್ರೇಸರ್ ದ್ವೀಪ. ಅಲ್ಲಿಂದ ಮರಳಿದ ದಿನವೇ ಚಾಸಿಯ ಒಳಪೊಳ್ಳುಗಳಿಗೆ, ಟ್ರೇಯ ಅಡಿಯ ತೊಲೆಗಳಿಗೆ, ದೀಪಗಳ ಹಿಂಬದಿಗೆ ಸಿಹಿನೀರು ಹಾಯಿಸಬೇಕು. ಹೊರಮೈ ತೊಳೆಯುವುದು ಆಮೇಲಿನ ಮಾತು. ಅಲ್ಯೂಮಿನಿಯಂಗೆ ತುಕ್ಕಿಲ್ಲ ಎಂಬುದೂ ಅರ್ಧಸತ್ಯ: ಅದು ಉಕ್ಕಿಗೆ ನೇರವಾಗಿ ತಾಗಿ ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು, ಅಲ್ಯೂಮಿನಿಯಂ ಕರಗುತ್ತ ಬೋಲ್ಟ್‌ನ ಸುತ್ತ ಬಿಳಿಪುಡಿಯಾಗಿ ಉದುರುತ್ತದೆ. ಎರಡು ಲೋಹಗಳ ನಡುವೆ ನೈಲಾನ್ ವಾಷರ್ ಅಥವಾ ತಡೆಲೇಪ ಇದ್ದರೆ ಈ ಕೋಶ ಏರ್ಪಡುವುದಿಲ್ಲ. ಉಕ್ಕಿನ ಟ್ರೇಯಲ್ಲಿ ಸತುವಿನ ಲೇಪ ಕೆರೆದುಹೋದ ಜಾಗವನ್ನು ಉಜ್ಜಿ ಸತುವಿನ ಪೇಂಟ್ ಬಳಿಯಬೇಕು. ಪೌಡರ್ ಕೋಟಿಂಗ್ ಅಡಿಯಲ್ಲಿ ಗುಳ್ಳೆ ಎದ್ದಿದ್ದರೆ ಮೇಲೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ, ಲೋಹ ಕಾಣುವವರೆಗೆ ಕೆರೆಯಲೇಬೇಕು. ಕುರಿಗಳ ನಾಡಿಗೆ ತಕ್ಕಂತೆ, ಉಣ್ಣೆ ತೊಳೆಯುವಾಗ ದೊರೆಯುವ ಲ್ಯಾನೋಲಿನ್ ಎಂಬ ಮೇಣವನ್ನು ಚಾಸಿ ಮತ್ತು ಟ್ರೇಯ ಅಡಿಗೆ ಸಿಂಪಡಿಸುವ ರೂಢಿ ಅಲ್ಲಿ ವ್ಯಾಪಕವಾಗಿದ್ದು, ಅದು ತೆಳುವಾದ ಪದರವಾಗಿ ಅಂಟಿಕೊಂಡು ನೀರನ್ನು ದೂರವಿಡುತ್ತದೆ. ಬ್ರೇಕ್, ಸೈಲೆನ್ಸರ್ ಮತ್ತು ರಬ್ಬರ್ ಭಾಗಗಳಿಗೆ ಅದು ತಾಗದಂತೆ ನೋಡಿಕೊಳ್ಳಬೇಕು. ಬಾಗಿಲಿನ ರಬ್ಬರ್ ಪಟ್ಟಿಗಳಿಗೆ ಸಿಲಿಕೋನ್ ಲೇಪವೇ ಸರಿ.

ಒಣಹುಲ್ಲಿನ ನಡುವೆ ಸಾಗುವ ದಾರಿಗಳಲ್ಲಿ ಚಾಸಿಯ ಅಡಿ ದಿನಕ್ಕೆ ಒಮ್ಮೆಯಾದರೂ ಇಣುಕಬೇಕಾಗುತ್ತದೆ. ಸ್ಪಿನಿಫೆಕ್ಸ್ ಎಂಬ ರಾಳಭರಿತ ಮುಳ್ಳುಹುಲ್ಲು ಸೈಲೆನ್ಸರ್ ಕೊಳವೆಯ ಮೇಲೆ, ಟ್ರೇಯ ತೊಲೆಗಳ ಸಂದಿನಲ್ಲಿ ಕಂತೆಯಾಗಿ ಸಿಕ್ಕಿಕೊಳ್ಳುತ್ತದೆ, ಮತ್ತು ಈಗಿನ ಡೀಸೆಲ್ ವಾಹನಗಳು ಹೊಗೆಯ ಮಸಿಯನ್ನು ಸೋಸಕದೊಳಗೇ ಸುಡುವಾಗ ಆ ಕೊಳವೆಗಳು ಹುಲ್ಲಿಗೆ ಬೆಂಕಿ ಹತ್ತಿಸುವಷ್ಟು ಕಾಯುತ್ತವೆ. ತಂತಿಯ ಕೊಕ್ಕೆಯೊಂದನ್ನು ಟ್ರೇಯ ಮುಂಗೋಡೆಗೆ ಸಿಕ್ಕಿಸಿಟ್ಟುಕೊಂಡು, ಎಂಜಿನ್ ತಣಿದ ಮೇಲೆ ಹುಲ್ಲು ಕೆದಕಿ ತೆಗೆಯುವುದು, ಅಗ್ನಿಶಾಮಕವನ್ನು ಕೀಲಿ ಹಾಕಿದ ಪೆಟ್ಟಿಗೆಯಲ್ಲಿಡದೆ ಕೈಗೆಟುಕುವಲ್ಲಿ ಬಿಗಿಯುವುದು, ಆ ದಾರಿಗಳನ್ನು ಬಲ್ಲವರ ಪದ್ಧತಿ.

ತೊಳೆಯುವ ಕೆಲಸಕ್ಕೆ ವಾಹನದ ಹಿತವನ್ನು ಮೀರಿದ ಕಾರಣವೂ ಇದೆ. ಕರ್ನಾಟಕದಲ್ಲಿ ಕಾಂಗ್ರೆಸ್ ಗಿಡವೆಂದು ಹೆಸರಾದ, ಹೊಲ ಮತ್ತು ರಸ್ತೆ ಬದಿಗಳನ್ನು ಆವರಿಸಿ ಚರ್ಮದ ತುರಿಕೆ, ಉಸಿರಾಟದ ತೊಂದರೆ ತರುವ ಪಾರ್ಥೇನಿಯಂ ಕ್ವೀನ್ಸ್‌ಲ್ಯಾಂಡಿನ ಹುಲ್ಲುಗಾವಲುಗಳನ್ನೂ ಕಾಡುತ್ತಿದ್ದು, ಆಸ್ಟ್ರೇಲಿಯಾ ಅದನ್ನು ರಾಷ್ಟ್ರಮಟ್ಟದಲ್ಲಿ ಗಮನಿಸಬೇಕಾದ ಕಳೆಗಳ ಪಟ್ಟಿಗೆ ಸೇರಿಸಿದೆ. ಅದರ ಸೂಕ್ಷ್ಮ ಬೀಜಗಳು ಕೆಸರಿನೊಂದಿಗೆ ವಾಹನಗಳಿಗೆ ಅಂಟಿ ನೂರಾರು ಕಿಲೋಮೀಟರ್ ಸಾಗುವುದರಿಂದ ಕ್ವೀನ್ಸ್‌ಲ್ಯಾಂಡಿನ ಹಲವು ಊರುಗಳಲ್ಲಿ ವಾಹನ ತೊಳೆಯುವ ಸಾರ್ವಜನಿಕ ಕಟ್ಟೆಗಳಿವೆ. ಬೀಜ ಉಳಿಯುವುದು ಕಣ್ಣಿಗೆ ಕಾಣುವ ಟ್ರೇಯ ನೆಲದಲ್ಲಲ್ಲ. ರಬ್ಬರ್ ಚಾಪೆಯ ಅಡಿಯಲ್ಲಿ, ಪಕ್ಕದ ಹಲಗೆಗಳ ಕೀಲುಗಳಲ್ಲಿ, ಮಡ್‌ಗಾರ್ಡ್‌ನ ಒಳಮಡಿಕೆಯಲ್ಲಿ, ಚಾಸಿಯ ತೊಲೆಯ ಪೊಳ್ಳಿನಲ್ಲಿ. ಆದ್ದರಿಂದ ಮೊದಲು ಒಣಮಣ್ಣನ್ನು ಕುಂಚದಿಂದ ಬಿಡಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ, ಕೊನೆಯಲ್ಲಿ ಗಾಡಿಯನ್ನು ಹತ್ತು ಮೀಟರ್ ಮುಂದಕ್ಕೆ ಸರಿಸಿ ಚಕ್ರಗಳ ಮರೆಯಲ್ಲಿದ್ದ ಭಾಗವನ್ನು ಮತ್ತೊಮ್ಮೆ ತೊಳೆದರೆ ಕೆಲಸ ಪೂರ್ಣವಾಗುತ್ತದೆ. ಆ ಕೆಸರುನೀರು ಹರಿಯಬೇಕಾದದ್ದು ತೊಳೆಯುವ ಕಟ್ಟೆಯ ಗುಂಡಿಗೇ ಹೊರತು ಪಕ್ಕದ ಹಳ್ಳಕ್ಕಲ್ಲ.